ಒತ್ತಿದ್ದು ಒಂದು ಕಡೆ, ನಡುಗೋದು ಇಡೀ ಡಬ್ಬಿ: ಏನು ಮಾಡಬಹುದು?

ಪ್ರಶ್ನೆ: ನಾವು ಎಂಜಿನಿಯರಿಂಗ್ ಕೊನೇ ವರ್ಷದವರು. ಗೋದಾಮಿನಲ್ಲಿ ಬಳಸುವ, ಒಂದೇ ಕೈಯಲ್ಲಿ ಹಿಡಿಯುವ ಬಾರ್‌ಕೋಡ್ ಸ್ಕ್ಯಾನರ್ ಮಾಡುತ್ತಿದ್ದೇವೆ. ಉದ್ದ 16 ಸೆಂಟಿಮೀಟರ್, ತೂಕ 250 ಗ್ರಾಂ. ಧೂಳು, ನೀರು ಒಳಗೆ ಹೋಗಬಾರದು ಅಂತ ಪಕ್ಕದ ಬಟನ್‌ಗಳನ್ನು ತೆಗೆದು, ಕೇಸಿನ ಗೋಡೆಯನ್ನೇ ಒತ್ತುವ ಹಾಗೆ ಸೆನ್ಸರ್ ಹಾಕಿದ್ದೇವೆ. ಒತ್ತಿದ್ದು ಗೊತ್ತಾಗಲಿ ಅಂತ ಒಳಗೆ ಫೋನಿನ ವೈಬ್ರೇಟರ್ ಮೋಟರ್ ಇದೆ. ಆದರೆ ಯಾವ ಬಟನ್ ಒತ್ತಿದರೂ ಇಡೀ ಡಬ್ಬಿ ಗುಂಯ್ ಅನ್ನುತ್ತದೆ. ಒತ್ತಿದ ಜಾಗದಲ್ಲಷ್ಟೇ ಟಿಕ್ ಅನ್ನಿಸುವ ಹಾಗೆ ಮಾಡಬಹುದಾ? ಬಟನ್‌ಗೊಂದರಂತೆ ನಾಲ್ಕು ಮೋಟರ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಮಾಡಬಹುದು. ಆದರೆ ನಾಲ್ಕು ಮೋಟರ್ ಹಾಕಿದ ಮಾತ್ರಕ್ಕೆ ಆಗುವುದಿಲ್ಲ, ದುಡ್ಡೂ ದಂಡ, ಬ್ಯಾಟರಿಯೂ ದಂಡ. ಮಂಚದ ಯಾವ ಕಾಲನ್ನು ಅಲ್ಲಾಡಿಸಿದರೂ ಮೇಲೆ ಮಲಗಿದವರಿಗೆ ಗೊತ್ತಾಗೋದು ಮಂಚ ಅಲ್ಲಾಡಿತು ಅಂತಲೇ, ಅಲ್ವಾ? ನಿಮ್ಮ ಡಬ್ಬಿಯದೂ ಅದೇ ಕಥೆ. ಕಂಪನ ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕಿಂತ, ಅದು ಎಲ್ಲೆಲ್ಲಿಗೆ ಹೋಗದಂತೆ ನೀವು ತಡೆದಿದ್ದೀರಿ ಅನ್ನುವುದು ಮುಖ್ಯ.

ಯಾಕೆ ಹೀಗೆ ಅಂತ ಒಂದು ಸಣ್ಣ ಲೆಕ್ಕ ನೋಡಿ. ಫೋನಿನ ವೈಬ್ರೇಟರ್‌ಗಳು ಹೆಚ್ಚಾಗಿ 150ರಿಂದ 240 ಹರ್ಟ್ಜ್ ಆಸುಪಾಸಿನಲ್ಲಿ ನಡುಗುತ್ತವೆ. 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನಲ್ಲಿ 200 ಹರ್ಟ್ಜ್‌ನ ಬಾಗುವ ಅಲೆಯ ಉದ್ದ ಸುಮಾರು 20 ಸೆಂಟಿಮೀಟರ್. ನಿಮ್ಮ ಸಾಧನವೇ ಅದಕ್ಕಿಂತ ಚಿಕ್ಕದು. ಅದೂ ಬರೀ ತಗಡಲ್ಲ, ಸ್ಕ್ರೂ ಹಾಕಿ ಬಿಗಿದ ಪೆಟ್ಟಿಗೆ, ಒಳಗೆ ಬ್ಯಾಟರಿ, ಬೋರ್ಡು ಎಲ್ಲ ಸೇರಿ ಇನ್ನೂ ಗಟ್ಟಿ, ಹಾಗಾಗಿ ಅಲೆ ಇನ್ನೂ ಉದ್ದ. ಅಲೆ ಡಬ್ಬಿಗಿಂತ ಉದ್ದ ಇದ್ದಾಗ ಡಬ್ಬಿಯ ಒಂದು ಜಾಗ ಮಾತ್ರ ನಡುಗುವುದು ಸಾಧ್ಯವಿಲ್ಲ. ಇಡೀ ದೇಹ ಒಟ್ಟಿಗೆ ಅಲ್ಲಾಡುತ್ತದೆ. 20 ಕಿಲೋಹರ್ಟ್ಜ್‌ಗೆ ಹೋದರೆ ಅದೇ ತಗಡಿನಲ್ಲಿ ಅಲೆ 2 ಸೆಂಟಿಮೀಟರ್‌ಗೆ ಇಳಿಯುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ತೊಂದರೆ ನಮ್ಮ ಚರ್ಮದ್ದೇ. ಬೆರಳ ತುದಿಯಲ್ಲಿ ಎರಡು ಮೊನೆಗಳು 2–3 ಮಿಲಿಮೀಟರ್ ದೂರ ಇದ್ದರೂ ಬೇರೆ ಬೇರೆ ಅಂತ ಗುರುತಿಸುತ್ತೇವೆ, ನಿಜ. ಆದರೆ ಅದು ಒತ್ತಡದ ವಿಷಯ. 200–300 ಹರ್ಟ್ಜ್ ನಡುಕವನ್ನು ಹಿಡಿಯುವುದು ಚರ್ಮದ ಆಳದಲ್ಲಿರುವ, ಪ್ಯಾಸಿನಿಯನ್ ಕಣಗಳು ಅನ್ನುವ ಸ್ಪರ್ಶಗ್ರಾಹಿಗಳು. ಇವಕ್ಕೆ ಸೂಕ್ಷ್ಮತೆ ಎಷ್ಟು ಅಂದರೆ ಒಂದು ಮೈಕ್ರಾನ್‌ಗಿಂತ ಕಡಿಮೆ ಅಲುಗಾಡಿದರೂ ಗೊತ್ತಾಗಿಬಿಡುತ್ತದೆ. ಆದರೆ ಎಲ್ಲಿಂದ ಬಂತು ಅಂತ ಹೇಳುವುದರಲ್ಲಿ ಇವು ಮಂದ. ಒಂದೊಂದು ಕಣವೂ ಬೆರಳಿನ ದೊಡ್ಡ ಭಾಗದ, ಕೆಲವೊಮ್ಮೆ ಅಂಗೈಯ ಅಗಲದಷ್ಟು ಜಾಗದ ಸುದ್ದಿ ಕೇಳಿಸಿಕೊಳ್ಳುತ್ತದೆ. ಸಾಲದ್ದಕ್ಕೆ, ಬೆರಳ ತುದಿಗೆ ಕೊಟ್ಟ ನಡುಕ ಚರ್ಮದಲ್ಲೇ ಹರಿದು ಅಂಗೈವರೆಗೂ ಹೋಗುತ್ತದೆ.

ಹಾಗಾದರೆ ಫೋನ್ ಕಂಪನಿಗಳು ಹೇಗೆ ಮಾಡಿದವು ಅಂತೀರಾ? ಎಷ್ಟೋ ಕಡೆ ಅವರು ಕಂಪನವನ್ನು ಒಂದು ಜಾಗಕ್ಕೆ ಕಟ್ಟಿಹಾಕಿಯೇ ಇಲ್ಲ. 2016ರ ಐಫೋನ್ 7ರ ಹೋಮ್ ಬಟನ್ ಒಳಗೆ ಹೋಗುವುದೇ ಇಲ್ಲ. ಒತ್ತಿದಾಗ ಒಳಗಿನ ಟ್ಯಾಪ್ಟಿಕ್ ಎಂಜಿನ್ ಅನ್ನುವ ವೈಬ್ರೇಟರ್ ಒಂದು ಸಣ್ಣ ಏಟು ಕೊಡುತ್ತದೆ, ಅಷ್ಟೇ. ನಡುಗುವುದು ಫೋನೇ. ಆದರೆ ಹೆಬ್ಬೆರಳು ಆಗ ಬಟನ್ ಮೇಲಿದೆ, ಏಟು ಸರಿಯಾಗಿ ಆ ಕ್ಷಣಕ್ಕೇ ಬಂದಿದೆ, ಹಾಗಾಗಿ ಮನಸ್ಸು ಎರಡನ್ನೂ ಸೇರಿಸಿ "ಬಟನ್ ಒತ್ತಿದೆ" ಅಂದುಕೊಳ್ಳುತ್ತದೆ. ಅದೇ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದರೆ ಮೋಸ ಸ್ವಲ್ಪ ಬಯಲಾಗುತ್ತದೆ.

ಆದ್ದರಿಂದ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಬಟನ್ ಒತ್ತುವಾಗ ಸಾಧನದ ಮೈಗೆ ಕೈಯ ಎಷ್ಟು ಭಾಗ ತಗುಲಿರುತ್ತದೆ? ಮೇಜಿನ ಮೇಲಿರುವ ವಸ್ತುವನ್ನು ಒಂದೇ ಬೆರಳಲ್ಲಿ ಒತ್ತುವುದಾದರೆ ಕಂಪನ ಎಲ್ಲ ಕಡೆ ಹೋದರೂ ಚಿಂತೆ ಇಲ್ಲ, ಕೇಳಿಸಿಕೊಳ್ಳುವ ಬೆರಳು ಒಂದೇ. ನಿಮ್ಮ ಸ್ಕ್ಯಾನರ್ ಹಾಗಲ್ಲ. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ, ಹಿಂದೆ ಅಂಗೈ. ಎಲ್ಲವೂ ಒಟ್ಟಿಗೆ ಸುದ್ದಿ ಕೇಳಿಸಿಕೊಳ್ಳುತ್ತವೆ. ನಿಮಗೆ ಬರೀ ಮೋಸ ಸಾಲದು, ಸ್ವಲ್ಪ ನಿಜವಾದ ತಡೆಯೂ ಬೇಕು.

ಅದಕ್ಕೂ ಮೊದಲು ಮೋಟರ್ ಬದಲಾಯಿಸಿ. "ಗುಂಯ್" ಅಂತ ಬರೆದಿದ್ದೀರಲ್ಲ, ಅದು ನಾಣ್ಯದ ಆಕಾರದ, ಓರೆ ತೂಕ ತಿರುಗಿಸುವ ಹಳೇ ಮಾದರಿಯ ಮೋಟರ್ ಇರಬೇಕು. ಅದು ವೇಗಕ್ಕೆ ಬರಲು ಹತ್ತಾರು ಮಿಲಿಸೆಕೆಂಡ್ ಬೇಕು, ನಿಲ್ಲಲು ಇನ್ನೂ ಜಾಸ್ತಿ. ಅದರಿಂದ ಟಿಕ್ ಬರುವುದಿಲ್ಲ, ಬಾಲ ಇರುವ ಗುಂಯ್ ಬರುತ್ತದೆ. ಲೀನಿಯರ್ ರೆಸೊನೆಂಟ್ ಆಕ್ಚುಯೇಟರ್ ಅಂತ ಸಿಗುತ್ತದೆ, ಎಲ್‌ಆರ್‌ಎ ಅಂತಲೇ ಎಲ್ಲರೂ ಕರೆಯುವುದು. ಸ್ಪ್ರಿಂಗ್ ಮೇಲೆ ಕೂತ ತೂಕವನ್ನು ಕಾಯಿಲ್ ಹಿಂದೆ ಮುಂದೆ ಎಳೆಯುತ್ತದೆ. ಇದರ ಗುಣ ಅಂದರೆ ಕೊನೆಯಲ್ಲಿ ಕರೆಂಟನ್ನು ಉಲ್ಟಾ ಕೊಟ್ಟು ಬ್ರೇಕ್ ಹಾಕಬಹುದು. ದೋಷ ಅಂದರೆ ಅದರದೇ ಆದ ಒಂದು ಕಂಪನಾಂಕದಲ್ಲಿ ಮಾತ್ರ ಜೋರು, ಕೆಲವೇ ಹರ್ಟ್ಜ್ ಆಚೀಚೆ ಆದರೆ ಸಪ್ಪೆ. ಡಿಆರ್‌ವಿ2605ಎಲ್ ಥರದ ಡ್ರೈವರ್ ಚಿಪ್ ಆ ಕಂಪನಾಂಕವನ್ನು ತಾನೇ ಹುಡುಕಿಕೊಂಡು ಓಡಿಸುತ್ತದೆ, ಬ್ರೇಕನ್ನೂ ತಾನೇ ಹಾಕುತ್ತದೆ. ಆ ಕೆಲಸವನ್ನು ಮೈಕ್ರೋಕಂಟ್ರೋಲರ್ ಪಿನ್‌ನಿಂದ ನೇರ ಮಾಡಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಒತ್ತಿದ್ದಕ್ಕೂ ಟಿಕ್‌ಗೂ ನಡುವೆ 20 ಮಿಲಿಸೆಕೆಂಡ್ ಒಳಗೆ ಇರುವಂತೆ ನೋಡಿಕೊಳ್ಳಿ. ಬೆರಳು ಎತ್ತುವಾಗಲೂ ಒಂದು ಚಿಕ್ಕ ಟಿಕ್ ಕೊಡಿ, ಒತ್ತಿದಾಗಿನದಕ್ಕಿಂತ ಮೆಲ್ಲಗೆ. ನಿಜವಾದ ಬಟನ್ ಬಿಡುವಾಗಲೂ ಟಿಕ್ ಅನ್ನುತ್ತದೆ. ಅದು ಇಲ್ಲದಿದ್ದರೆ ಏನೋ ಕೊರತೆ ಅನ್ನಿಸುತ್ತದೆ, ಏನು ಅಂತ ಮಾತ್ರ ಬಳಸುವವರಿಗೆ ಹೇಳಲು ಬರುವುದಿಲ್ಲ.

ಎಲ್‌ಆರ್‌ಎ ತಯಾರಕರ ವಿವರಪಟ್ಟಿಯಲ್ಲಿ, ಅಂದರೆ ಡೇಟಾಶೀಟ್‌ನಲ್ಲಿ, "1.5 ಜಿ" ಅಂತ ಇದ್ದರೆ (1 ಜಿ ಅಂದರೆ ಭೂಮಿಯ ಎಳೆತದಷ್ಟು ವೇಗೋತ್ಕರ್ಷ) ಅದು ಸಾಮಾನ್ಯವಾಗಿ 100 ಗ್ರಾಂ ತೂಕಕ್ಕೆ ಕಟ್ಟಿ ಅಳೆದದ್ದು. ನಿಮ್ಮದು 250 ಗ್ರಾಂ, ಅಂದರೆ ನಿಮಗೆ ಸಿಗುವುದು 0.6 ಜಿ. 200 ಹರ್ಟ್ಜ್‌ನಲ್ಲಿ 1 ಜಿ ಅಂದರೆ ಅಲುಗಾಟ ಬರೀ 6 ಮೈಕ್ರಾನ್. ನಾವು ಇಷ್ಟೆಲ್ಲ ಮಾತಾಡುತ್ತಿರುವುದು ಕೂದಲಿನ ದಪ್ಪದ ಹತ್ತನೇ ಒಂದು ಪಾಲಿನ ಬಗ್ಗೆ.

ಈಗ ಖರ್ಚಿಲ್ಲದ ಒಂದು ಉಪಾಯ. ಉದ್ದನೆಯ ಗಟ್ಟಿ ವಸ್ತುವಿನ ಒಂದು ತುದಿಗೆ, ಉದ್ದಕ್ಕೆ ಅಡ್ಡವಾಗಿ ಏಟು ಕೊಟ್ಟರೆ ಅದು ಮುಂದೆ ಸರಿಯುವುದರ ಜೊತೆಗೆ ತಿರುಗುತ್ತದೆ ಕೂಡ. ಎರಡನ್ನೂ ಕೂಡಿಸಿದರೆ ಏಟು ಬಿದ್ದ ತುದಿಯ ಅಲುಗಾಟ 4 ಪಾಲು ಅಂತಿಟ್ಟುಕೊಂಡರೆ ಆಚೆ ತುದಿಯದು ಉಲ್ಟಾ ದಿಕ್ಕಿಗೆ 2 ಪಾಲು. ನಡುವೆ ಎಲ್ಲೋ ಅದು ಸೊನ್ನೆ ದಾಟಲೇಬೇಕು. ತೂಕ ಎಲ್ಲ ಕಡೆ ಸಮವಾಗಿ ಹರಡಿದ್ದರೆ ಆ ಸುಮ್ಮನಿರುವ ಜಾಗ ಏಟು ಬಿದ್ದ ತುದಿಯಿಂದ ಮೂರನೇ ಎರಡರಷ್ಟು ದೂರದಲ್ಲಿರುತ್ತದೆ. ನಿಮ್ಮ 16 ಸೆಂಟಿಮೀಟರ್‌ನಲ್ಲಿ ಹತ್ತೂವರೆ, ಹನ್ನೊಂದರ ಹತ್ತಿರ. ಎಲ್‌ಆರ್‌ಎಯನ್ನು ಮಧ್ಯದಲ್ಲಿ ಎಲ್ಲಿ ಜಾಗ ಇದೆಯೋ ಅಲ್ಲಿ ತುರುಕುವ ಬದಲು, ಬಟನ್‌ಗಳಿರುವ ಮೇಲಿನ ತುದಿಗೇ ಹಾಕಿ. ಅಂಗೈ ಕೂರುವ ಜಾಗ ಆ ಸುಮ್ಮನಿರುವ ಪಟ್ಟಿಯ ಮೇಲೆ ಬರುವ ಹಾಗೆ ಹಿಡಿಕೆಯ ಆಕಾರ ಮಾಡಿ. ಬ್ಯಾಟರಿ ಕೆಳಗಿದ್ದರೆ ಲೆಕ್ಕ ಸ್ವಲ್ಪ ಸರಿಯುತ್ತದೆ.

ಸರಿದಿದ್ದನ್ನು ಹುಡುಕಲು ಅಡುಗೆಮನೆಯಿಂದ ಸಣ್ಣ ರವೆ ತನ್ನಿ. ಸಾಧನವನ್ನು ಮೆತ್ತನೆ ಸ್ಪಂಜಿನ ಮೇಲೆ ಮಲಗಿಸಿ, ಮೇಲೆ ತೆಳುವಾಗಿ ರವೆ ಉದುರಿಸಿ, ಎಲ್‌ಆರ್‌ಎಯನ್ನು ಬಿಡದೆ ಓಡಿಸಿ. ನಡುಕ 1 ಜಿ ದಾಟಿದ ಕಡೆ ಕಾಳು ನೆಗೆಯುತ್ತದೆ, ದಾಟದ ಕಡೆ ಸುಮ್ಮನೆ ಕೂತಿರುತ್ತದೆ. ಇದು ಭೂಮಿಯ ಎಳೆತದ ಲೆಕ್ಕವೇ, ಕಾಳಿನ ತೂಕ ಎಷ್ಟಿದ್ದರೂ ಒಂದೇ. ಡ್ರೈವ್ ನಿಧಾನಕ್ಕೆ ಏರಿಸುತ್ತಾ ಹೋದರೆ ಮೋಟರ್ ತುದಿಯ ರವೆ ಮೊದಲು ಕುಣಿಯಲು ಶುರು ಮಾಡುತ್ತದೆ, ಆಮೇಲೆ ಆಚೆ ತುದಿಯದು, ಮಧ್ಯದ ಒಂದು ಪಟ್ಟಿ ಮಾತ್ರ ಕೊನೆವರೆಗೂ ಕದಲುವುದಿಲ್ಲ. ಆ ಪಟ್ಟಿಗೆ ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ. ನೆನಪಿರಲಿ, ರವೆ ತೋರಿಸುವುದು ಮೇಲೆ ಕೆಳಗಿನ ನಡುಕವನ್ನು ಮಾತ್ರ, ಪಕ್ಕಕ್ಕೆ ಅಲುಗಿದರೆ ಅದು ನೆಗೆಯುವುದಿಲ್ಲ.

ಇಷ್ಟು ಮಾಡಿದರೇ ಎಷ್ಟೋ ಸಾಧನಗಳಿಗೆ ಸಾಕು. ಆದರೆ ಇದು "ಮೇಲೆ ಜಾಸ್ತಿ, ಅಂಗೈಯಲ್ಲಿ ಕಡಿಮೆ" ಅನ್ನುವ ಮಟ್ಟದ್ದು. ಎಡ ಬಟನ್ನಾ ಬಲ ಬಟನ್ನಾ ಅಂತ ಬೇರೆ ಬೇರೆ ಗೊತ್ತಾಗಬೇಕಾದರೆ ಬಟನ್ ಜಾಗವನ್ನೇ ಸಾಧನದ ದೇಹದಿಂದ ಬಿಡಿಸಬೇಕು. ಗೇಮ್ ಕಂಟ್ರೋಲರ್‌ಗಳು ಇದನ್ನು ಸುಲಭದಲ್ಲಿ ಗೆದ್ದವು. 2013ರ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್‌ನಲ್ಲಿ ನಾಲ್ಕು ಮೋಟರ್ ಇವೆ. ಎರಡು ಹಿಡಿಕೆಗಳಿಗೆ, ಎರಡು ಟ್ರಿಗರ್‌ಗಳಿಗೇ ಮೀಸಲು. ಟ್ರಿಗರ್ ಹೇಗಿದ್ದರೂ ಅಲುಗುವ ಬೇರೆ ಭಾಗ, ಹಾಗಾಗಿ ಅದರ ನಡುಕ ತೋರುಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. 2017ರ ನಿಂಟೆಂಡೊ ಸ್ವಿಚ್‌ನ ಎಡ ಬಲ ಕಂಟ್ರೋಲರ್‌ಗಳು ಬಿಚ್ಚಿದರೆ ಎರಡು ಪ್ರತ್ಯೇಕ ತುಂಡುಗಳೇ. ಎರಡರಲ್ಲೂ ಕಂಪನದ ಸಮಸ್ಯೆಯನ್ನು ಬಿಡಿಸಿದ್ದು ಮೋಟರ್ ಅಲ್ಲ, ಜೋಡಣೆ.

ನಿಮ್ಮಲ್ಲಿ ಟ್ರಿಗರ್ ಇಲ್ಲ, ಗೋಡೆ ಇದೆ. ಗೋಡೆಯಲ್ಲಿ ಒಂದು ಕಿಟಕಿ ಕೊರೆದು, ಬಟನ್ ಫಲಕವನ್ನು ಸ್ಪ್ರಿಂಗ್ ಮೇಲೆ ಕೂರಿಸಿ, ಎಲ್‌ಆರ್‌ಎಯನ್ನು ಫಲಕದ ಬೆನ್ನಿಗೇ ಅಂಟಿಸಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಮನಸ್ಸಿಗೆ ಮೊದಲು ಹೊಳೆಯುವುದು ಫಲಕದ ಕೆಳಗೆ ಒಂದು ಮಿಲಿಮೀಟರ್ ಸಿಲಿಕೋನ್ ರಬ್ಬರ್ ಹಾಳೆ ಅಂಟಿಸಿಬಿಡೋಣ, ನೀರೂ ಹೋಗಲ್ಲ, ಕಂಪನವೂ ನಿಲ್ಲುತ್ತೆ ಅಂತ. ನಿಲ್ಲುವುದಿಲ್ಲ. ಸ್ಪ್ರಿಂಗ್ ಮೇಲಿನ ಫಲಕದ ಸ್ವಂತ ಕಂಪನಾಂಕ ನೀವು ಓಡಿಸುವ ಕಂಪನಾಂಕಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ತಡೆ. 200 ಹರ್ಟ್ಜ್‌ಗೆ ಓಡಿಸುವಾಗ ಅದು 67 ಹರ್ಟ್ಜ್ ಇದ್ದರೆ ದೇಹಕ್ಕೆ ದಾಟುವುದು ಎಂಟನೇ ಒಂದು ಪಾಲು. 140ರ ಮೇಲಿದ್ದರೆ ತಡೆಯೇ ಇಲ್ಲ, ಇನ್ನೂ ಜೋರಾಗಬಹುದು. 30ಕ್ಕೆ 10 ಮಿಲಿಮೀಟರ್ ಅಳತೆಯ, ಎಲ್‌ಆರ್‌ಎ ಸೇರಿ 5 ಗ್ರಾಂ ತೂಗುವ ಫಲಕಕ್ಕೆ ಆ ರಬ್ಬರ್ ಹಾಳೆ ಎಷ್ಟೇ ಮೆತ್ತಗಿದ್ದರೂ ಕಂಪನಾಂಕ ಹಲವು ನೂರು ಹರ್ಟ್ಜ್ ಬರುತ್ತದೆ. ಅಂದರೆ ಕೇಸಿಗೇ ಅಂಟಿಸಿದ ಹಾಗೆ.

ಸರಿ, ಮೆತ್ತನೆ ಸ್ಪ್ರಿಂಗ್ ಹಾಕೋಣ ಅಂದರೆ ಇನ್ನೊಂದು ಕಷ್ಟ. 5 ಗ್ರಾಂ ಫಲಕಕ್ಕೆ 67 ಹರ್ಟ್ಜ್ ಬರುವಷ್ಟು ಮೆತ್ತಗಿನ ಸ್ಪ್ರಿಂಗ್ ಮೇಲೆ 300 ಗ್ರಾಂ ಭಾರದಷ್ಟು ಬೆರಳು ಒತ್ತಿದರೆ ಫಲಕ ಸುಮಾರು 3.3 ಮಿಲಿಮೀಟರ್ ಒಳಗೆ ಕುಸಿಯುತ್ತದೆ. ಬಟನ್ ಬೇಡ ಅಂತ ತಾನೆ ನೀವು ಹೊರಟಿದ್ದು?

ಇದಕ್ಕೆ ದಾರಿ ತೋರಿಸಿದ್ದು ಲ್ಯಾಪ್‌ಟಾಪ್. 2015ರ ಮ್ಯಾಕ್‌ಬುಕ್‌ಗಳ ಟ್ರ್ಯಾಕ್‌ಪ್ಯಾಡ್ ಒತ್ತಿದಾಗ ಕೆಳಗೆ ಹೋದ ಹಾಗೆ ಅನ್ನಿಸುತ್ತದಲ್ಲ, ನಿಜವಾಗಿ ಒಳಗಿನ ವಿದ್ಯುತ್ಕಾಂತ ಅದನ್ನು ಪಕ್ಕಕ್ಕೆ ಎಳೆದು ಬಿಡುತ್ತದೆ. ಇಷ್ಟು ಚಿಕ್ಕ, ಇಷ್ಟು ವೇಗದ ಅಲುಗಾಟ ಯಾವ ದಿಕ್ಕಿನದು ಅಂತ ಬೆರಳಿಗೆ ಗೊತ್ತೇ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ಉಪಾಯ ಇದೇ. ಒತ್ತುವ ದಿಕ್ಕಿಗೆ ಕಲ್ಲಿನಂತೆ ಗಟ್ಟಿ, ಪಕ್ಕಕ್ಕೆ ಮಾತ್ರ ಸಡಿಲ. ಕುಸಿತವೂ ಇಲ್ಲ, ತಡೆಯೂ ಸಿಕ್ಕಿತು.

ನೀವೂ ಇದನ್ನೇ ಮಾಡಿ. ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲಿ ಫೀಲರ್ ಗೇಜ್ ಸಿಗುತ್ತದೆ, ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು. ಅದರ 0.1 ಮಿಲಿಮೀಟರ್ ಪಟ್ಟಿಯಿಂದ 6 ಮಿಲಿಮೀಟರ್ ಅಗಲದ ಎರಡು ತುಂಡು ಕತ್ತರಿಸಿ. ಬಾಗುವ ಉದ್ದ 12 ಮಿಲಿಮೀಟರ್ ಸಿಗಬೇಕು, ಎರಡೂ ತುದಿ ಗಟ್ಟಿಯಾಗಿ ಹಿಡಿದಿರಬೇಕು, ಒಂದು ತುದಿ ಫಲಕಕ್ಕೆ, ಇನ್ನೊಂದು ಕೇಸಿಗೆ. ಪಟ್ಟಿಯನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. 6 ಮಿಲಿಮೀಟರ್ ಅಗಲ ಒತ್ತುವ ದಿಕ್ಕಿಗೆ ಬರಲಿ. 5 ಗ್ರಾಂ ಫಲಕಕ್ಕೆ ಪಕ್ಕದ ದಿಕ್ಕಿನ ಕಂಪನಾಂಕ ಸುಮಾರು 84 ಹರ್ಟ್ಜ್ ಬರುತ್ತದೆ, 200 ಹರ್ಟ್ಜ್‌ನಲ್ಲಿ ಓಡಿಸಿದರೆ ದೇಹಕ್ಕೆ ದಾಟುವುದು ಐದನೇ ಒಂದು ಪಾಲಿನ ಹತ್ತಿರ. ಒತ್ತುವ ದಿಕ್ಕಿಗೆ ಅದೇ ಪಟ್ಟಿ ಕಾಗದದ ಲೆಕ್ಕದಲ್ಲಿ 3600 ಪಟ್ಟು ಗಟ್ಟಿ. ನಿಮ್ಮ ಜೋಡಣೆಯ ಸಡಿಲ, ಅಂಟಿನ ಮೆತ್ತಗು ಎಲ್ಲ ಸೇರಿ ಅಷ್ಟು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಎಲ್‌ಆರ್‌ಎ ಕೊಳ್ಳುವಾಗ ಒಂದು ಎಚ್ಚರ. ನಾಣ್ಯದ ಆಕಾರದ ಎಲ್‌ಆರ್‌ಎ ತನ್ನ ದಪ್ಪದ ದಿಕ್ಕಿಗೆ ನಡುಗುತ್ತದೆ. ಅದನ್ನು ಫಲಕದ ಬೆನ್ನಿಗೆ ಚಪ್ಪಟೆಯಾಗಿ ಅಂಟಿಸಿದರೆ ಅದು ನಡುಗಿಸುವುದು ಫಲಕದ ಗಟ್ಟಿ ದಿಕ್ಕನ್ನು, ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಪಕ್ಕಕ್ಕೆ ನಡುಗುವ ಆಯತಾಕಾರದ ಮಾದರಿ ತಗೊಳ್ಳಿ, ಸಿಗದಿದ್ದರೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಅಂಟಿಸಿ. ಫಲಕದ ಸುತ್ತಲಿನ ಸಂದಿಗೆ ಅರ್ಧ ಮಿಲಿಮೀಟರ್ ಸಾಕು, ಅದರ ಮೇಲೆ ತೆಳು ಸಿಲಿಕೋನ್ ಪೊರೆ. ಪೊರೆಯನ್ನು ಬಿಗಿಯಾಗಿ ಎಳೆದು ಅಂಟಿಸಬೇಡಿ, ಸಂದಿಯ ಮೇಲೆ ಸಣ್ಣ ಮಡಿಕೆ ಇರಲಿ. ಬಿಗಿ ಆದರೆ ಅದೇ ಸ್ಪ್ರಿಂಗ್ ಆಗಿ ನಿಮ್ಮ 84 ಹರ್ಟ್ಜ್ ಲೆಕ್ಕವನ್ನು ಮೇಲೆತ್ತುತ್ತದೆ.

ಕಿಟಕಿ ಕೊರೆಯುವುದೇ ಬೇಡ ಅಂದರೆ ಪೀಝೋ ಇದೆ, ವೋಲ್ಟೇಜ್ ಕೊಟ್ಟರೆ ಬಾಗುವ ತೆಳು ತಟ್ಟೆ. ಗೋಡೆಯನ್ನು ಒಳಗಿನಿಂದ ಮಾತ್ರ ಕೊರೆದು ತೆಳು ಮಾಡಿ, ಆ ಜಾಗದ ಬೆನ್ನಿಗೆ ಪೀಝೋ ತಟ್ಟೆ ಅಂಟಿಸುವುದು. ಹೊರಗಿನಿಂದ ನೋಡಿದರೆ ಏನೂ ಇಲ್ಲ, ನೀರಿಗೆ ದಾರಿಯೇ ಇಲ್ಲ. ಬಾಗುವ ಗಟ್ಟಿತನ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 2 ಮಿಲಿಮೀಟರ್ ಗೋಡೆಯನ್ನು 0.7ಕ್ಕೆ ಇಳಿಸಿದರೆ ಇಪ್ಪತ್ತಮೂರನೇ ಒಂದು ಪಾಲು. ಹಾಗಾಗಿ ಬಾಗಾಟ ಆ ತೆಳು ಜಾಗದಲ್ಲೇ ಉಳಿದು ಸುತ್ತಲಿನ ದಪ್ಪ ಗೋಡೆಗೆ ಕಡಿಮೆ ಹರಡುತ್ತದೆ. ಪೀಝೋ ಒತ್ತಿದಾಗ ತಾನೇ ವೋಲ್ಟೇಜ್ ಹುಟ್ಟಿಸುವುದರಿಂದ ಸೆನ್ಸರೂ ಅದೇ, ಟಿಕ್ ಕೊಡುವುದೂ ಅದೇ. ಆದರೆ ಒತ್ತಿ ಹಿಡಿದುಕೊಂಡರೆ ಆ ಚಾರ್ಜ್ ಸೋರಿಹೋಗುತ್ತದೆ, ಒತ್ತಿದ ಕ್ಷಣ ಮತ್ತು ಬಿಟ್ಟ ಕ್ಷಣ ಮಾತ್ರ ಗೊತ್ತಾಗುತ್ತದೆ. ಲಾಂಗ್ ಪ್ರೆಸ್ ಬೇಕಿದ್ದರೆ ಎರಡರ ನಡುವಿನ ಸಮಯ ಎಣಿಸಿಕೊಳ್ಳಬೇಕು. ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ನಾನು ಇದನ್ನು ಮೊದಲ ಆಯ್ಕೆ ಅನ್ನುವುದಿಲ್ಲ. ಓಡಿಸಲು ಹತ್ತಾರು ವೋಲ್ಟ್‌ನಿಂದ ನೂರು ದಾಟಿ ಬೇಕಾಗುತ್ತದೆ, ತೆಳು ಗೋಡೆ ಕೈಜಾರಿ ಬಿದ್ದಾಗ ಮೊದಲು ಒಡೆಯುವ ಜಾಗವೂ ಆಗುತ್ತದೆ. ಗೋದಾಮಿನಲ್ಲಿ ಸ್ಕ್ಯಾನರ್ ಬೀಳದೆ ಇರುತ್ತದಾ?

ಮೊದಲು 20 ಕಿಲೋಹರ್ಟ್ಜ್ ಅಂದೆನಲ್ಲ, ಆ ಮಾತು. ಅಂಚಿನ ಹಲವು ಪೀಝೋಗಳಿಂದ ಶ್ರವಣಾತೀತ ಅಲೆಗಳನ್ನು ಸಮಯ ಹೊಂದಿಸಿ ಕಳಿಸಿದರೆ ಅವೆಲ್ಲ ಗಾಜಿನ ಮೇಲೆ ಬೇಕಾದ ಒಂದೇ ಚುಕ್ಕಿಯಲ್ಲಿ ಕೂಡಿಕೊಳ್ಳುತ್ತವೆ. ಇದನ್ನು ಫ್ರಾನ್ಸ್‌ನಲ್ಲಿ ಶಾರ್ಲ್ ಹ್ಯೂಡಾಂ, ಹೋಸೆ ಲೊಸಾಡಾ, ವಿನ್ಸೆಂಟ್ ಹೇವರ್ಡ್ ಮಾಡಿ ತೋರಿಸಿ 2015ರಲ್ಲಿ ಪ್ರಕಟಿಸಿದರು. ಸೊಗಸಾದ ಕೆಲಸ. ಆದರೆ ಪ್ರತಿ ತಟ್ಟೆಯನ್ನೂ ಮೊದಲೇ ಅಳೆದಿಟ್ಟುಕೊಳ್ಳಬೇಕು, ನಿಮ್ಮ ಸ್ಕ್ರೂ ಹಾಕಿದ ಪೆಟ್ಟಿಗೆಗೆ ಇದು ಹೇಳಿ ಮಾಡಿಸಿದ್ದಲ್ಲ.

ಅಳೆಯುವ ವಿಷಯ. ಫೋನಿನ ಆ್ಯಕ್ಸೆಲೆರೊಮೀಟರ್ ಆ್ಯಪ್ ಇಟ್ಟು ಅಳೆಯಬೇಡಿ. ಆಂಡ್ರಾಯ್ಡ್ 12ರಿಂದ ವಿಶೇಷ ಅನುಮತಿ ಇಲ್ಲದ ಆ್ಯಪ್‌ಗೆ ಸೆಕೆಂಡಿಗೆ 200 ಅಳತೆಯೇ ಮಿತಿ, ಅದರಲ್ಲಿ 200 ಹರ್ಟ್ಜ್ ನಡುಕ ಸರಿಯಾಗಿ ಕಾಣುವುದೇ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಪೀಝೋ ಬಜರ್ ತಟ್ಟೆಗಳು ಸಿಗುತ್ತವೆ. ಒಂದನ್ನು ಡಬಲ್ ಟೇಪಿನಲ್ಲಿ ಫಲಕದ ಮೇಲೆ, ಅದೇ ಥರದ್ದನ್ನು ಅಂಗೈ ಜಾಗದಲ್ಲಿ ಅಂಟಿಸಿ ಆಸಿಲೋಸ್ಕೋಪ್‌ನಲ್ಲಿ ಎರಡರ ಅನುಪಾತ ನೋಡಿ. ಇಂಥ ತಟ್ಟೆ ಬಾಗುವುದನ್ನು ಹೇಳುತ್ತದೆ, ಪಕ್ಕದ ಅಲುಗಾಟವನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ, ಆದ್ದರಿಂದ ಅದನ್ನು ಅಂಚಿನಿಂದ ಹೊರಗೆ ಚಾಚಿ, ಅಲುಗುವ ದಿಕ್ಕಿಗೆ ಮುಖ ಮಾಡಿ ಅಂಟಿಸಿ. ಮುಖ್ಯವಾಗಿ ಬೆರಳಿಟ್ಟೇ ಅಳೆಯಿರಿ. ಬೆರಳು ಕೂತ ಕೂಡಲೇ ಫಲಕದ ನಡುಕ ಇಳಿಯುತ್ತದೆ, ಖಾಲಿ ಫಲಕದ ಅಳತೆ ನೋಡಿ ಖುಷಿಪಟ್ಟರೆ ಪ್ರಯೋಜನವಿಲ್ಲ.

ಕೊನೆಗೆ ಮನುಷ್ಯರ ಪರೀಕ್ಷೆ. ಸಾಧನವನ್ನು ಸ್ನೇಹಿತರ ಕೈಗೆ ಕೊಟ್ಟು, ಕಣ್ಣು ಮುಚ್ಚಿಸಿ, ಕಿವಿಗೆ ಹಾಡು ಹಾಕಿ. ಅವರು ಏನನ್ನೂ ಒತ್ತಬಾರದು, ಬೆರಳುಗಳನ್ನು ಬಟನ್‌ಗಳ ಮೇಲೆ ಸುಮ್ನೆ ಇಟ್ಟಿರಲಿ. ನೀವು ಮನಸ್ಸಿಗೆ ಬಂದ ಕ್ರಮದಲ್ಲಿ ಒಂದೊಂದೇ ಫಲಕ ಟಿಕ್ ಮಾಡಿ, ಯಾವುದು ಅಂತ ಕೇಳಿ. ಒತ್ತುವ ಕ್ರಿಯೆಯೇ ಇಲ್ಲದ ಕಾರಣ ಮನಸ್ಸು ಊಹಿಸಿ ತುಂಬಿಕೊಳ್ಳಲು ಆಗುವುದಿಲ್ಲ. ಕಿವಿ ಮುಚ್ಚದೆ ಮಾಡಿದರೆ ಫಲಕದ ಸದ್ದೇ ಉತ್ತರ ಹೇಳಿಕೊಟ್ಟುಬಿಡುತ್ತದೆ. ಹೆಚ್ಚು ಜನ ಸರಿಯಾಗಿ ಹೇಳಿದರೆ ನಿಮ್ಮ ಕೆಲಸ ಆದಂತೆ. ಹೇಳದಿದ್ದರೆ ಮೋಟರ್ ಶಕ್ತಿ ಹೆಚ್ಚಿಸಬೇಡಿ, ಕಡಿಮೆ ಮಾಡಿ ನೋಡಿ. ದೇಹಕ್ಕೆ ಸೋರುವ ಪಾಲು ಗೊತ್ತಾಗುವ ಮಟ್ಟಕ್ಕಿಂತ ಕೆಳಗೆ ಇಳಿದರೆ ಫಲಕದ್ದು ಮಾತ್ರ ಉಳಿಯುತ್ತದೆ.

ಪೀಝೋ ದಾರಿಯನ್ನೇ ಹಿಡಿಯುವುದಾದರೆ ಒಂದು ಮಾತು. ಡಿಆರ್‌ವಿ2667 ಥರದ ಡ್ರೈವರ್ ಅಲೆಯ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಅಳೆದರೆ 200 ವೋಲ್ಟ್‌ವರೆಗೆ ಕೊಡುತ್ತದೆ. ಬಜರ್ ತಟ್ಟೆಯ ಮಿತಿ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕೆಳಗಿರುತ್ತದೆ, ಮೊದಲು ಡೇಟಾಶೀಟ್ ನೋಡಿ. ಬೆಸುಗೆ ಹಾಕಿದ ಜಾಗಕ್ಕೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ, ಕರೆಂಟ್ ಹರಿಯಬಿಡದ ಟೇಪ್) ಸುತ್ತಿ, ಕೇಸು ಮುಚ್ಚದೆ ಯಾರ ಕೈಗೂ ಕೊಡಬೇಡಿ.